ಗಾಯಗೊಂಡ ಬೀದಿ ಬೆಕ್ಕಿನ ಚಿಕಿತ್ಸೆಗೆ ಹಣ ಸೇರಿಸಬೇಕು, ಸಹಾಯ ಮಾಡ್ತೀರಾ?

ಸಂಜೆಗಾಳಿ · 1ನೇ ದಿನ, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ರಾತ್ರಿಯಿಡೀ ನಿದ್ದೆ ಇಲ್ಲ. ಬರೆದದ್ದು ಹಿಂದೆಮುಂದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ಕೆಲಸ ಮುಗಿಸಿ ಬರುವಾಗ ನಿಂತಿದ್ದ ಕಾರಿನ ಅಡಿಯಿಂದ ಸಣ್ಣ ದನಿ ಕೇಳಿಸಿತು. ಬಗ್ಗಿ ಟಾರ್ಚ್ ಹಾಕಿದೆ. ಬೂದಿ ಬಣ್ಣದ ಹೆಣ್ಣು ಬೆಕ್ಕು. ಮುಂಗಾಲು ಊರಿಕೊಂಡು ನನ್ನ ಕಡೆ ಬರಲು ನೋಡಿತು. ಸೊಂಟದಿಂದ ಕೆಳಗಿನದೆಲ್ಲ ನೆಲಕ್ಕೆ ಎಳೆದುಕೊಂಡೇ ಬಂತು. ಬಾಲ ಒದ್ದೆ ಹಗ್ಗದ ಹಾಗೆ ಜೋತುಬಿದ್ದಿತ್ತು. ಯಾವುದೋ ಗಾಡಿ ಹಾಯ್ದಿರಬೇಕು. ಟವೆಲ್ ಹೊದಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ರಾತ್ರಿ ತೆರೆದಿರುವ ಕ್ಲಿನಿಕ್‌ಗೆ ಒಯ್ದೆ. ಎತ್ತುವಾಗ ನೋವಿಗೆ ಹೆಬ್ಬೆರಳು ಕಚ್ಚಿತು, ಪಾಪ.

ಮೈ ತಣ್ಣಗಾಗಿತ್ತು. 36 ಡಿಗ್ರಿಗಿಂತ ಸ್ವಲ್ಪ ಮೇಲೆ ಅಷ್ಟೆ. ಬಿಸಿ ಕೊಟ್ಟು, ಡ್ರಿಪ್ ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವ ಎಕ್ಸ್‌ರೇ ಆಯಿತು. ಎಡ ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಬಲಗಡೆ ಸೊಂಟದ ಮೂಳೆ ಬಿರುಕು ಬಿಟ್ಟಿದೆ. ಮೂತ್ರ ತಾನಾಗಿ ಹೋಗುತ್ತಿಲ್ಲ. ಎದೆ ಚೆನ್ನಾಗಿದೆ, ಅದೊಂದು ಸಮಾಧಾನ. ಎರಡು ದಿನ ಸುಧಾರಿಸಲಿ, ಆಮೇಲೆ ಆಪರೇಷನ್ ಅಂದರು ಡಾಕ್ಟರ್.

ಅಂದಾಜು ಖರ್ಚಿನ ಚೀಟಿ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟೆ. ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ನಿನ್ನೆ ರಾತ್ರಿಯ ಬಿಲ್ ನಾನೇ ಕಟ್ಟಿದ್ದೇನೆ. ಮುಂದಿನದು ನನ್ನ ಕೈಲಿ ಆಗುವುದಿಲ್ಲ. ಕೆಳಗೆ ನನ್ನ ಖಾತೆಯ ಕ್ಯೂಆರ್ ಕೋಡ್ ಹಾಕಿದ್ದೇನೆ. ಎಷ್ಟಾದರೂ ಸರಿ.

ಹತ್ತುಬೆಕ್ಕು · 1ನೇ ದಿನ

ಹಣದ ಮಾತು ಆಮೇಲೆ. ಮೊದಲು ನಿಮ್ಮ ಹೆಬ್ಬೆರಳು. ಬೆಕ್ಕಿನ ಹಲ್ಲು ಸೂಜಿಯ ಹಾಗೆ, ಮೇಲೆ ಸಣ್ಣ ಚುಕ್ಕಿ ಕಂಡರೂ ಒಳಗೆ ಆಳಕ್ಕೆ ಹೋಗಿರುತ್ತದೆ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, 15 ನಿಮಿಷ ಅಂದುಕೊಂಡದ್ದು ಎರಡು ನಿಮಿಷಕ್ಕೇ ಮುಗಿದಿರುತ್ತದೆ. ಇವತ್ತೇ ಡಾಕ್ಟರ ಹತ್ತಿರ ಹೋಗಿ. ಬೀದಿ ಬೆಕ್ಕು, ಅದರ ಹಿಂದುಮುಂದು ನಮಗೆ ಗೊತ್ತಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಅದಕ್ಕೆ ಮೊದಲು ಲಸಿಕೆ ಇದೆ. ದಯವಿಟ್ಟು ತಡ ಮಾಡಬೇಡಿ.

ಇನ್ನೊಂದು ಮಾತು, ಇದನ್ನು ಓದುವ ಎಲ್ಲರಿಗೂ. ನೋವು ನೋಡಲಾಗದೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟುಬಿಡಬೇಡಿ. ಅದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಸಾಗುವುದಿಲ್ಲ. ಒಂದೇ ಮಾತ್ರೆ ಜೀವ ತೆಗೆಯಬಹುದು. ಐಬುಪ್ರೊಫೆನ್ ಕೂಡ ಬೇಡ. ಪ್ರೀತಿಯಿಂದ ಕೊಟ್ಟ ಮಾತ್ರೆಯಿಂದಲೇ ಸತ್ತ ಒಂದು ಬೆಕ್ಕನ್ನು ನಾನು ನೋಡಿದ್ದೇನೆ. ಕೊಟ್ಟವರ ಮುಖ ಇವತ್ತಿಗೂ ಮರೆತಿಲ್ಲ.

ಈ ಬೆಕ್ಕಿಗೆ ಮೈಕ್ರೋಚಿಪ್ (ಸಾಕಿದವರ ಗುರುತಿಗೆ ಚರ್ಮದ ಅಡಿ ಹಾಕುವ ಚಿಪ್) ಇದೆಯಾ ಅಂತ ಸ್ಕ್ಯಾನ್ ಮಾಡಿಸಿದಿರಾ? ಕಿವಿಯ ತುದಿ ನೇರವಾಗಿ ಕತ್ತರಿಸಿದ ಹಾಗಿದೆಯಾ? ಹಾಗಿದ್ದರೆ ಯಾರೋ ಸಂತಾನಹರಣ ಮಾಡಿಸಿದ್ದಾರೆ, ನೋಡಿಕೊಳ್ಳುವವರೂ ಇರಬಹುದು.

ನಿಧಾನಿ · 1ನೇ ದಿನ

ಬೇಜಾರು ಮಾಡಿಕೊಳ್ಳಬೇಡಿ. ನಾನು ಈಗಲೇ ಕೊಡುವುದಿಲ್ಲ. ಯಾಕೆ ಅಂತ ಹೇಳುವುದು ನನ್ನ ಕರ್ತವ್ಯ.

ಹಿಂದೊಮ್ಮೆ ಹೀಗೇ ಒಂದು ಬೆಕ್ಕಿನ ಫೋಟೋ ನೋಡಿ ಹಣ ಕಳಿಸಿದ್ದೆ. ಕಣ್ಣಲ್ಲಿ ನೀರು ಬಂದಿತ್ತು. ವಾರವಾದರೂ ಸುದ್ದಿ ಇಲ್ಲ. ಆ ಫೋಟೋವನ್ನು ಹುಡುಕಿ ನೋಡಿದರೆ ಬೇರೆ ಯಾರೋ, ಎಷ್ಟೋ ವರ್ಷ ಹಿಂದೆ ಹಾಕಿದ್ದು. ಹಣ ಹೋದದ್ದಕ್ಕೆ ಸಂಕಟ ಆಗಲಿಲ್ಲ. ಆಮೇಲೆ ನಿಜವಾದ ಬೆಕ್ಕು ಕಣ್ಣೆದುರು ಬಂದಾಗಲೂ ಕೈ ಹಿಂದೆ ಸರಿಯುತ್ತದೆ ನೋಡಿ, ಸಂಕಟ ಅದಕ್ಕೆ.

ನಾಲ್ಕು ಪ್ರಶ್ನೆ ಕೇಳುತ್ತೇನೆ. ಹಣ ನಿಮ್ಮ ಖಾತೆಗೆ ಯಾಕೆ, ನೇರ ಕ್ಲಿನಿಕ್‌ಗೆ ಯಾಕಲ್ಲ? ಅಂದಾಜಿನ ಚೀಟಿ ನಾವೂ ನೋಡಬಹುದಾ? ಹಣ ಮಿಕ್ಕಿದರೆ ಎಲ್ಲಿಗೆ ಹೋಗುತ್ತದೆ? ಕೊನೆಯದು ಕೇಳಲು ನನಗೂ ಕಷ್ಟ. ಬೆಕ್ಕು ಉಳಿಯದಿದ್ದರೆ ಏನು, ಮತ್ತು ಎಲ್ಲಿಗೆ ನಿಲ್ಲಿಸುತ್ತೀರಿ?

ಸಂಜೆಗಾಳಿ · 1ನೇ ದಿನ, ಸಂಜೆ

ನಿಧಾನಿ ಅವರೇ, ನಿಜ ಹೇಳುತ್ತೇನೆ. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ರಾತ್ರಿಯೆಲ್ಲಾ ಓಡಾಡಿದ್ದೇನೆ, ನನ್ನನ್ನೇ ಅನುಮಾನಿಸುತ್ತಾರಲ್ಲ ಅಂತ. ಎರಡನೇ ಸಲ ಓದಿದೆ. ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಇದನ್ನೇ ಕೇಳುತ್ತಿದ್ದೆ.

ಕ್ಯೂಆರ್ ಕೋಡ್ ತೆಗೆದಿದ್ದೇನೆ. ಅಷ್ಟರಲ್ಲಿ ಮೂವರು ಕಳಿಸಿದ್ದರು, ಅವರಿಗೆ ವಾಪಸ್ ಹಾಕಿದ್ದೇನೆ. ಕ್ಲಿನಿಕ್‌ನವರ ಹತ್ತಿರ ಕೂತು ಮಾತಾಡಿದೆ. ಬೆಕ್ಕಿನ ಹೆಸರಿನಲ್ಲೇ ಒಂದು ಫೈಲ್ ತೆರೆದಿದ್ದಾರೆ. ಯಾರು ಬೇಕಾದರೂ ನೇರ ಅಲ್ಲಿಗೇ ಕಟ್ಟಬಹುದು, ರಸೀದಿಯೂ ಅಲ್ಲಿಂದಲೇ ಬರುತ್ತದೆ. ಫೈಲ್‌ಗೆ ಹೆಸರು ಬೇಕು ಅಂದರು. ಏನೂ ಹೊಳೆಯಲಿಲ್ಲ. 'ಬೂದಿ' ಅಂತ ಬರೆಸಿದೆ.

ಚೀಟಿಯ ಫೋಟೋ ಕೆಳಗಿದೆ. ಮಿಕ್ಕಿದ ಹಣ ಕ್ಲಿನಿಕ್‌ನಲ್ಲೇ ಇರುತ್ತದೆ, ಮುಂದೆ ಅಲ್ಲಿಗೆ ಬರುವ ಯಜಮಾನರಿಲ್ಲದ ಪ್ರಾಣಿಗೆ. ಬೂದಿ ಉಳಿಯದಿದ್ದರೂ ಹಾಗೆಯೇ. ಬೇಡ ಅನ್ನುವವರಿಗೆ ಖರ್ಚಾಗದೆ ಉಳಿದದ್ದರಲ್ಲಿ ಅವರ ಪಾಲು ವಾಪಸ್.

ಎಲ್ಲಿಗೆ ನಿಲ್ಲಿಸುವುದು ಅನ್ನುವುದನ್ನು ಡಾಕ್ಟರ ಹತ್ತಿರ ಕೇಳದೆ ಹೇಳಲಾರೆ. ನಾಳೆ ಹೇಳುತ್ತೇನೆ.

ಹತ್ತುಬೆಕ್ಕು ಅವರೇ, ಮೊದಲ ಲಸಿಕೆ ಆಯಿತು. ಬೂದಿಗೆ ಚಿಪ್ ಇಲ್ಲ, ಕಿವಿ ಪೂರ್ತಿ ಇದೆ.

ಕಿಟಕಿಪಕ್ಕ · 1ನೇ ದಿನ, ರಾತ್ರಿ

ಅಕ್ಕಾ, ನಾನು ಇನ್ನೂ ಓದುತ್ತಿದ್ದೇನೆ. ಕೊಡಲು ಹಣ ಇಲ್ಲ. ನಮ್ಮ ಹಳೆಯ ಬೆಕ್ಕಿನ ದೊಡ್ಡ ಕೇಜ್ ಇದೆ, ಮಡಚಿ ಅಟ್ಟದ ಮೇಲೆ ಇಟ್ಟಿದ್ದೇವೆ. ಬೆಕ್ಕು ಮಲಮೂತ್ರ ಮಾಡುವ ಲಿಟರ್ ಟ್ರೇ, ಕೊರಳಿಗೆ ಹಾಕುವ ಕೋನ್ ಎಲ್ಲಾ ಇದೆ. ತೊಳೆದು ತಂದುಕೊಡಲಾ? ಇದೆಲ್ಲಾ ಸಹಾಯ ಅನ್ನಿಸಿಕೊಳ್ಳುತ್ತಾ?

ಹತ್ತುಬೆಕ್ಕು · 1ನೇ ದಿನ, ರಾತ್ರಿ

ಅನ್ನಿಸಿಕೊಳ್ಳುತ್ತಾ ಅಂತ ಕೇಳ್ತೀರಾ? ಸೊಂಟ ಮುರಿದ ಬೆಕ್ಕಿಗೆ ಕೇಜೇ ಅರ್ಧ ಔಷಧಿ. ಕೊಳ್ಳಲು ಹೋದರೆ ಅದೇ ದೊಡ್ಡ ಖರ್ಚು. ನೀವು ಕೊಡುತ್ತಿರುವುದು ಚಿಕ್ಕದಲ್ಲ. ತಪ್ಪದೆ ತನ್ನಿ.

ಲೆಕ್ಕದವಳು · 2ನೇ ದಿನ

ನನ್ನ ಕೆಲಸವೇ ಲೆಕ್ಕಪತ್ರ, ಅದಕ್ಕೆ ಈ ಹೆಸರು. ಹಿಂದೆ ಎರಡು ನಾಯಿ, ಒಂದು ಬೆಕ್ಕಿಗೆ ಹೀಗೆ ಹಣ ಸೇರಿಸಿದ್ದೇವೆ. ಆಗ ಕಲಿತದ್ದನ್ನು ಹೇಳುತ್ತೇನೆ.

ಒಟ್ಟು ಮೊತ್ತವನ್ನು ಒಂದೇ ಸಲ ಮುಂದೆ ಇಡಬೇಡಿ. ಅಷ್ಟು ದೊಡ್ಡ ಅಂಕಿ ನೋಡಿದರೆ ನಾನು ಕೊಡುವ ಸಣ್ಣ ಹಣದಿಂದ ಏನಾದೀತು ಅಂತ ಜನ ಸುಮ್ನೆ ಮುಂದೆ ಹೋಗುತ್ತಾರೆ. ಬೂದಿಯ ಚಿಕಿತ್ಸೆಯಲ್ಲೇ ಮೂರು ಹಂತ ಇದೆ ಅಲ್ವಾ? ಮೊದಲ ಎರಡು ಮೂರು ದಿನದ ಡ್ರಿಪ್, ಎಕ್ಸ್‌ರೇ, ರಕ್ತಪರೀಕ್ಷೆ ಒಂದು. ಆಪರೇಷನ್ ಎರಡು. ಆಮೇಲಿನ ಒಂದೂವರೆ ತಿಂಗಳ ಆರೈಕೆ ಮೂರು. ಈಗ ಮೊದಲನೆಯದಕ್ಕೆ ಮಾತ್ರ ಕೇಳಿ. ಅದು ತುಂಬಿದ ದಿನ ತುಂಬಿತು ಅಂತ ಹೇಳಿ, ನಿಲ್ಲಿಸಿ. ಎರಡನೆಯದು ಬೇಕೇ ಅಂತ ಡಾಕ್ಟರ್ ಹೇಳಿದ ಮೇಲೆ ಮತ್ತೆ ಕೇಳಿ. ಹೀಗೆ ಮಾಡಿದರೆ ಬೆಕ್ಕು ನಡುವೆ ಹೋಗಿಬಿಟ್ಟರೂ ಬೇಡದ ಹಣ ಕೈಯಲ್ಲಿ ಉಳಿಯುವುದಿಲ್ಲ.

ಮೂರನೇ ಹಂತವನ್ನು ಎಲ್ಲರೂ ಮರೆಯುತ್ತಾರೆ. ಆಪರೇಷನ್ ಆದ ಫೋಟೋ ನೋಡಿ ಎಲ್ಲರೂ ಖುಷಿಪಟ್ಟು ಮನೆಗೆ ಹೋದ ಮೇಲೆ ಹೊಲಿಗೆ ಬಿಚ್ಚುವುದು, ಮತ್ತೆ ಎಕ್ಸ್‌ರೇ, ಔಷಧಿ, ಲಿಟರ್, ಸಂತಾನಹರಣ ಎಲ್ಲಾ ಒಬ್ಬರ ತಲೆ ಮೇಲೆ ಬೀಳುತ್ತದೆ. ಇದನ್ನು ಈಗಲೇ ಪಟ್ಟಿಯಲ್ಲಿ ಬರೆಯಿರಿ.

ಎಲ್ಲರೂ ನೋಡಬಹುದಾದ ಒಂದು ಶೀಟ್ ಮಾಡಿದ್ದೇನೆ. ಒಂದು ಕಡೆ ಬಂದದ್ದು, ಒಂದು ಕಡೆ ಹೋದದ್ದು. ಕೊಟ್ಟವರ ಹೆಸರು ಬೇಡ, ರಸೀದಿಯ ನಂಬರ್ ಸಾಕು. ಶೀಟ್ ತಿದ್ದುವುದು ನಾನು, ಬಿಲ್ ತರುವುದು ಸಂಜೆಗಾಳಿ. ಇಬ್ಬರ ಕೈ ಇದ್ದರೆ ಇಬ್ಬರಿಗೂ ನೆಮ್ಮದಿ. ನಿಮ್ಮ ಆ ಮೊದಲ ರಾತ್ರಿಯ ಬಿಲ್ಲನ್ನೂ ಹಾಕಿ. ಬೇಡ ಅನ್ನಬೇಡಿ. ಅದೂ ಬೂದಿಯ ಖರ್ಚೇ, ಲೆಕ್ಕದಲ್ಲಿ ಕಾಣಬೇಕು.

ಕ್ಲಿನಿಕ್‌ನಲ್ಲಿ ಬಾಯಿಬಿಟ್ಟು ಕೇಳಿ. ಬೀದಿ ಪ್ರಾಣಿಗೆ ರಿಯಾಯಿತಿ ಕೊಡ್ತೀರಾ, ಕಂತಿನಲ್ಲಿ ಕಟ್ಟಬಹುದಾ ಅಂತ. ಪಶುವೈದ್ಯ ಕಾಲೇಜಿನ ಆಸ್ಪತ್ರೆ ಹತ್ತಿರದಲ್ಲಿದ್ದರೆ ಅಲ್ಲೂ ವಿಚಾರಿಸಿ, ಸಾಮಾನ್ಯವಾಗಿ ಖರ್ಚು ಕಮ್ಮಿ. ಕೇಳಲು ನಾಚಿಕೆ ಬೇಡ.

ಪಶುವೈದ್ಯೆ · 2ನೇ ದಿನ

ನಾನು ಬೂದಿಯನ್ನು ಪರೀಕ್ಷಿಸಿಲ್ಲ. ನೋಡುತ್ತಿರುವ ಡಾಕ್ಟರ ಮಾತೇ ಕೊನೆಯದು. ಹಣ ಕೊಡುವವರಿಗೆ ಬಿಲ್ ಅರ್ಥ ಆಗಬೇಕು ಅಂತ ಇಷ್ಟು ಬರೆಯುತ್ತೇನೆ.

ಮೂಳೆ ಮುರಿದಿದ್ದರೂ ಎರಡು ದಿನ ಯಾಕೆ ಕಾಯಿಸುತ್ತಾರೆ ಅಂತ ಕೆಲವರು ಕೇಳಿದ್ದಾರೆ. ಬೆಕ್ಕಿನ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಬೂದಿ ಬಂದಾಗ 36. ಅದು ಆಘಾತದ ಸ್ಥಿತಿ. ಆಗ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ಹೋಗಬಹುದು. ಗಾಡಿಗೆ ಸಿಕ್ಕ ಬೆಕ್ಕಿನಲ್ಲಿ ಕಾಲಿಗಿಂತ ಮೊದಲು ಎದೆ ನೋಡುತ್ತೇವೆ. ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಹರಿದು ಹೊಟ್ಟೆಯ ಅಂಗಗಳು ಎದೆಗೂಡಿಗೆ ನುಗ್ಗಿರಬಹುದು, ಶ್ವಾಸಕೋಶದ ಸುತ್ತ ಗಾಳಿ ತುಂಬಿರಬಹುದು. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಸೊಂಟದ ಮೂಳೆಯ ಬಿರುಕು ಎಷ್ಟೋ ಸಲ 4ರಿಂದ 6 ವಾರ ಕೇಜಿನಲ್ಲಿ ಅಲುಗಾಡದೆ ಇದ್ದರೆ ಕೂಡಿಕೊಳ್ಳುತ್ತದೆ. ಅದಕ್ಕೆ ಆಪರೇಷನ್ ಬೇಡವಾಗಬಹುದು. ನನಗೆ ಚಿಂತೆ ಮೂತ್ರದ್ದು. ಬಾಲ ಎಲ್ಲೋ ಸಿಕ್ಕಿ ಜಗ್ಗಿದಾಗ ಬೆನ್ನಿನ ಕೊನೆಯಲ್ಲಿರುವ ನರಗಳೂ ಜಗ್ಗುತ್ತವೆ. ಮೂತ್ರಕೋಶಕ್ಕೆ ಹೋಗುವುದೂ ಅಲ್ಲಿಯ ನರಗಳೇ. ಬಾಲದ ಬುಡದಲ್ಲಿ ಚಿವುಟಿದರೆ ನೋವು ಗೊತ್ತಾಗುತ್ತದಾ ಅಂತ ಕೇಳಿ ನೋಡಿ. ಗೊತ್ತಾದರೆ ಆಸೆ ಇದೆ. ಸುಧಾರಿಸುವುದಿದ್ದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಸಲ ಕೈಯಿಂದ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕು.

ಊಟ ಬಿಟ್ಟಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಬರುತ್ತದೆ. ಅದಕ್ಕೇ ಕುತ್ತಿಗೆಯಿಂದ ಅನ್ನನಾಳಕ್ಕೆ ಟ್ಯೂಬ್ ಹಾಕುವುದುಂಟು. ಬಿಲ್‌ನಲ್ಲಿ ಟ್ಯೂಬ್ ಅಂತ ಕಂಡರೆ ಗಾಬರಿ ಬೇಡ.

ನೇರಮಾತು · 2ನೇ ದಿನ

ನನಗೂ ಬೆಕ್ಕೆಂದರೆ ಜೀವ. ಆದರೂ ಕೇಳುತ್ತೇನೆ. ಈ ಹಣದಲ್ಲಿ ಎಷ್ಟೋ ಹೆಣ್ಣು ಬೆಕ್ಕುಗಳಿಗೆ ಸಂತಾನಹರಣ ಮಾಡಿಸಬಹುದು. ನಾಲ್ಕು ತಿಂಗಳ ಮರಿಯೇ ಬೆದೆಗೆ ಬರಬಹುದು, ಗಬ್ಬ ಒಂಬತ್ತು ವಾರ ಅಷ್ಟೆ, ವರ್ಷಕ್ಕೆ ಎರಡು ಮೂರು ಸೂಲು. ಹುಟ್ಟಿದ ಮರಿಗಳಲ್ಲಿ ಎಷ್ಟು ಬದುಕುತ್ತವೆ ಅಂತ ಬೀದಿಯಲ್ಲಿ ನೋಡುವವರಿಗೆ ಗೊತ್ತು. ಒಂದರ ಕಾಲಿಗೆ ಇಷ್ಟು ಸುರಿಯುವುದು ಸರಿಯಾ?

ಹತ್ತುಬೆಕ್ಕು · 2ನೇ ದಿನ

ನಿಮ್ಮ ಮಾತು ತಪ್ಪಲ್ಲ. ನಾನು ವರ್ಷಗಟ್ಟಲೆ ಮಾಡುತ್ತಿರುವುದೂ ಆ ಕೆಲಸವೇ. ಬೋನು ಇಟ್ಟು, ಹಿಡಿದು, ಆಪರೇಷನ್ ಮಾಡಿಸಿ, ಅದೇ ಜಾಗದಲ್ಲಿ ಬಿಡುವುದು.

ಆದರೆ ನನ್ನ ಅನುಭವ ಹೇಳುತ್ತೇನೆ. ಸಂತಾನಹರಣಕ್ಕೆ ಹಣ ಕೊಡಿ ಅಂತ ಬಾಗಿಲು ತಟ್ಟಿದಾಗ ಮುಖ ತಿರುಗಿಸಿದವರೇ ಒಂದು ಮುರಿದ ಕಾಲಿಗೆ ಹಣ ಕೊಟ್ಟಿದ್ದಾರೆ. ಆ ಕಾಲು ಸರಿಹೋದದ್ದನ್ನು ನೋಡಿದ ಮೇಲೆ ಅವರೇ ಬೋನು ಹಿಡಿದುಕೊಂಡು ನನ್ನ ಜೊತೆ ಬಂದಿದ್ದಾರೆ. ಎರಡೂ ಒಂದೇ ಚೀಲದ ಹಣ ಅಲ್ಲ. ಬೂದಿಯನ್ನು ಬಿಟ್ಟರೆ ಅದು ಅಲ್ಲಿಗೆ ಹೋಗುತ್ತದೆ ಅಂತೇನೂ ಇಲ್ಲ.

ಮತ್ತೆ ಒಂದು. ಅವಳು ಸಂಜೆಗಾಳಿಯ ಕಡೆ ತೆವಳಿಕೊಂಡು ಬಂದಳಲ್ಲ. ಬಂದ ಮೇಲೆ ಬೇರೆ ಏನು ಮಾಡಲಾಗುತ್ತಿತ್ತು?

ನೇರಮಾತು · 2ನೇ ದಿನ

ಪೂರ್ತಿ ಒಪ್ಪಿಲ್ಲ. ಆದರೂ ಅವಳ ಸಂತಾನಹರಣದ ಖರ್ಚು ನನ್ನದು. ಮೂರನೇ ಹಂತದಲ್ಲಿ ಆ ಸಾಲಿನ ಎದುರು ನನ್ನ ಗುರುತು ಹಾಕಿಬಿಡಿ.

ಸಂಜೆಗಾಳಿ · 3ನೇ ದಿನ

ಮೊದಲ ಹಂತ ತುಂಬಿದೆ! ರಸೀದಿಗಳು ಶೀಟ್‌ನಲ್ಲಿವೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಬಾಲದ ಬುಡದಲ್ಲಿ ಚಿವುಟಿದಾಗ ಬೂದಿ ತಿರುಗಿ ಹಿಸ್ ಅಂದಳು. ಡಾಕ್ಟರ್ ನಕ್ಕರು. ನೋವಾದದ್ದಕ್ಕೆ ಇಷ್ಟು ಖುಷಿ ನಾನು ಯಾವತ್ತೂ ಪಟ್ಟಿರಲಿಲ್ಲ. ಎಫ್‌ಐವಿ, ಎಫ್‌ಇಎಲ್‌ವಿ (ಬೆಕ್ಕುಗಳಿಗೆ ಬರುವ ಎರಡು ವೈರಸ್ ರೋಗಗಳು) ಎರಡೂ ನೆಗೆಟಿವ್.

ಇವತ್ತು ಬೆಳಿಗ್ಗೆ ಅರ್ಧ ಗಂಟೆ ಕೇಜಿನ ಮುಂದೆ ಕೂತಿದ್ದೆ. ಬೆಚ್ಚಗೆ ಮಾಡಿದ ಬೆಕ್ಕಿನ ಆಹಾರವನ್ನು ಬೆರಳ ತುದಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದೆ. ಮುಖ ತಿರುಗಿಸಿದಳು. ಮೇಲ್ತುಟಿಗೆ ಚೂರು ಸವರಿದೆ. ನಾಲಿಗೆ ಹೊರಗೆ ಬಂತು, ನೆಕ್ಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಬೆರಳು ನೆಕ್ಕಿದಳು. ಮರಳುಕಾಗದ ಉಜ್ಜಿದ ಹಾಗಿತ್ತು. ಆರು ಸಲ ತಿಂದಳು. ಟ್ಯೂಬ್ ಬೇಡ ಅಂದರು.

ನಿಧಾನಿ ಅವರ ಕೊನೆಯ ಪ್ರಶ್ನೆಗೆ ಉತ್ತರ. ಡಾಕ್ಟರೂ ನಾನೂ ಮಾತಾಡಿದೆವು. ಒಂದು ತಿಂಗಳಾದರೂ ಮೂತ್ರ ತಾನಾಗಿ ಹೋಗದೆ, ದಿನವೂ ಒತ್ತಿ ತೆಗೆಯಲು ಜೀವನಪೂರ್ತಿ ಯಾರೂ ಸಿಗದೆ, ಮತ್ತೆ ಮತ್ತೆ ಸೋಂಕಾಗುತ್ತಾ ಹೋದರೆ, ಅವಳನ್ನು ನೋವಿಲ್ಲದೆ ಕಳಿಸಿಕೊಡುತ್ತೇವೆ. ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಮೊದಲ ಪೋಸ್ಟ್‌ನ ಕೆಳಗೂ ಸೇರಿಸಿದ್ದೇನೆ. ಕೊಡುವ ಮೊದಲೇ ಎಲ್ಲರಿಗೂ ಗೊತ್ತಿರಲಿ.

ಕಿಟಕಿಪಕ್ಕ · 3ನೇ ದಿನ

ಅಕ್ಕಾ, ನೀವು ಇವತ್ತು ಹಾಕಿದ ಫೋಟೋದಲ್ಲಿ ಬೂದಿಯ ಕಣ್ಣು ಅರ್ಧ ಮುಚ್ಚಿದೆ. ಅದರ ಕೆಳಗೆ ಗುರುಗುಟ್ಟುತ್ತಾಳೆ ಅಂತ ಬರೆದಿದ್ದೀರಿ. ಅಂದರೆ ನೋವು ಕಮ್ಮಿ ಆಗಿದೆ ಅಲ್ವಾ?

ಪಶುವೈದ್ಯೆ · 3ನೇ ದಿನ

ಗುರುಗುಟ್ಟುವುದನ್ನು ನಂಬಬೇಡಿ. ಬೆಕ್ಕು ನೋವಿನಲ್ಲೂ ಗುರುಗುಡುತ್ತದೆ. ಮುಖ ನೋಡಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖದಿಂದ ನೋವು ಅಳೆಯುವ ಪಟ್ಟಿಯನ್ನು ಪ್ರಕಟಿಸಿದರು. ಐದು ಗುರುತು ಇವೆ. ಕಿವಿ ಪಕ್ಕಕ್ಕೆ ತಿರುಗಿದೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯಾ, ತಲೆ ಭುಜಕ್ಕಿಂತ ಕೆಳಗಿದೆಯಾ. ಒಂದೊಂದಕ್ಕೆ 0ಯಿಂದ 2. ಒಟ್ಟು 10ಕ್ಕೆ 4 ಅಥವಾ ಜಾಸ್ತಿ ಬಂದರೆ ನೋವಿನ ಔಷಧಿ ಬೇಕು ಅಂತ ಲೆಕ್ಕ. ಈ ಫೋಟೋದಲ್ಲಿ ಕಣ್ಣು, ಕಿವಿ ಎರಡೂ ಹೇಳುತ್ತಿವೆ. ಕ್ಲಿನಿಕ್‌ನವರಿಗೆ ಈಗಲೇ ತಿಳಿಸಿ.

ಸಂಜೆಗಾಳಿ · 3ನೇ ದಿನ

ಹೇಳಿದೆ. ಡೋಸ್ ಹೊಂದಿಸಿದರು. ಒಂದು ಗಂಟೆ ಬಿಟ್ಟು ನೋಡಿದರೆ ಕಣ್ಣು ದುಂಡಗೆ ತೆರೆದಿತ್ತು. ತುಂಬಾ ಥ್ಯಾಂಕ್ಸ್.

ದೂರದೂರು · 4ನೇ ದಿನ

ಎಲ್ಲರೂ ಗಮನಿಸಿ! ಬೂದಿಯ ಇದೇ ಫೋಟೋ ಹಾಕಿ ಬೇರೆ ಯಾರೋ ಹಣ ಕೇಳುತ್ತಿದ್ದಾರೆ. ಬರಹವೂ ಸಂಜೆಗಾಳಿ ಅವರದೇ, ಕ್ಯೂಆರ್ ಕೋಡ್ ಮಾತ್ರ ಬೇರೆ. ನಾನು ಕಳಿಸುವುದರಲ್ಲಿದ್ದೆ. ಕ್ಲಿನಿಕ್ ಬಗ್ಗೆ ಒಂದು ಮಾತೂ ಇಲ್ಲವಲ್ಲ ಅಂತ ಅನುಮಾನ ಬಂತು. ಸ್ಕ್ರೀನ್‌ಶಾಟ್ ಹಾಕಿದ್ದೇನೆ.

ಲೆಕ್ಕದವಳು · 4ನೇ ದಿನ

ಒಳ್ಳೆಯ ಕೆಲಸ ಮಾಡಿದಿರಿ. ಎಲ್ಲರೂ ಆ ಪೋಸ್ಟನ್ನು ರಿಪೋರ್ಟ್ ಮಾಡಿ. ಸಂಜೆಗಾಳಿ, ಇವತ್ತಿನಿಂದ ಪ್ರತಿ ಫೋಟೋದಲ್ಲೂ ಬೂದಿಯ ಪಕ್ಕ ತಾರೀಖು ಬರೆದ ಚೀಟಿ ಇಡಿ. ಬಿಲ್ ಹಾಕುವಾಗ ನಿಮ್ಮ ಫೋನ್ ನಂಬರ್, ವಿಳಾಸ ಮುಚ್ಚಿ. ಕೊಡುವವರು ಕ್ಲಿನಿಕ್‌ಗೆ ಫೋನ್ ಮಾಡಿ 'ಬೂದಿ ಫೈಲ್' ಅಂತ ಕೇಳಿ, ಆಮೇಲೆ ಕಟ್ಟಿ.

ಸಂಜೆಗಾಳಿ · 4ನೇ ದಿನ, ಸಂಜೆ

ಆ ಪೋಸ್ಟ್ ನೋಡಿ ಹೊಟ್ಟೆ ಉರಿಯಿತು. ನಾನು ಅಳುತ್ತಾ ಬರೆದ ಸಾಲುಗಳು, ಒಂದಕ್ಷರ ಬಿಡದೆ. ಮಧ್ಯಾಹ್ನದ ಹೊತ್ತಿಗೆ ಅದು ಹೋಯಿತು. ಅಷ್ಟರೊಳಗೆ ಯಾರಾದರೂ ಕಳೆದುಕೊಂಡಿದ್ದರೆ ನನ್ನ ಮನಸ್ಸಿಗೆ ತುಂಬಾ ನೋವು.

ಇನ್ನು ಮುಖ್ಯ ವಿಷಯ. ಆಪರೇಷನ್ ನಾಳೆ. ಎಡಗಾಲು ತೆಗೆಸಿಬಿಡಿ, ಖರ್ಚು ಕಮ್ಮಿ, ಮೂರು ಕಾಲಿನ ಬೆಕ್ಕು ಆರಾಮಾಗಿ ಓಡಾಡುತ್ತದೆ ಅಂತ ಆರೇಳು ಜನ ಬರೆದಿದ್ದಾರೆ. ಕಾಲು ತೆಗೆಸಿದರೆ ಕೊಟ್ಟ ಹಣ ವಾಪಸ್ ಬೇಕು ಅಂತ ಇಬ್ಬರು ಬರೆದಿದ್ದಾರೆ. ಮುರಿದ ಮೂಳೆ ಕೂಡಿಸಲು ಲೋಹದ ಪ್ಲೇಟ್ ಹಾಕಿದರೆ ಅಂದಾಜು ಮೊದಲಿಗಿಂತ ಮೇಲೆ ಹೋಗುತ್ತದೆ. ಏನು ಮಾಡಲಿ?

ನಿಧಾನಿ · 4ನೇ ದಿನ, ಸಂಜೆ

ಡಾಕ್ಟರ್ ಏನಂದರು? ಅದಷ್ಟೇ ಮುಖ್ಯ. ಹಣ ಕೊಟ್ಟೆವು ಅಂತ ಅವಳ ಕಾಲಿನ ಬಗ್ಗೆ ನಾವು ವೋಟು ಹಾಕುವಂತಿಲ್ಲ. ಲೆಕ್ಕ ಕೇಳುವುದು ನಮ್ಮ ಹಕ್ಕು, ಚಿಕಿತ್ಸೆ ತೀರ್ಮಾನಿಸುವುದು ಅಲ್ಲ. ಎಷ್ಟು ಜನ ಏನೇ ಬರೆಯಲಿ, ನೀವು ಡಾಕ್ಟರ ಮುಖ ನೋಡಿ.

ಸಂಜೆಗಾಳಿ · 4ನೇ ದಿನ, ರಾತ್ರಿ

ಮತ್ತೆ ಹೋಗಿ ಕೇಳಿದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡಗಾಲು ತೆಗೆದರೆ ಹಿಂದಿನ ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ. ಬಿರುಕು ಬಿಟ್ಟಿರುವುದು ಬಲಗಡೆಯ ಸೊಂಟವೇ. ಬೇರೆ ಬೆಕ್ಕಾಗಿದ್ದರೆ ಕಾಲು ತೆಗೆಯಲು ನಾನೇ ಹೇಳುತ್ತಿದ್ದೆ, ಇವಳಿಗೆ ಎರಡೂ ಬೇಕು ಅಂದರು. ಪ್ಲೇಟ್ ಅಂತ ಒಪ್ಪಿಕೊಂಡು ಸಹಿ ಹಾಕಿ ಬಂದೆ. ಅರಿವಳಿಕೆಯ ಅಪಾಯದ ಬಗ್ಗೆಯೂ ಹೇಳಿದ್ದಾರೆ. ಎರಡನೇ ಹಂತಕ್ಕೆ ಇನ್ನೂ ಕಾಲು ಭಾಗ ಕಮ್ಮಿ ಇದೆ. ಅದನ್ನು ಮೂರು ಕಂತಿನಲ್ಲಿ ಕಟ್ಟಬಹುದು ಅಂತ ಕ್ಲಿನಿಕ್‌ನವರು ಒಪ್ಪಿದ್ದಾರೆ.

ನಿಧಾನಿ · 4ನೇ ದಿನ, ರಾತ್ರಿ

ಕ್ಲಿನಿಕ್‌ಗೆ ಫೋನ್ ಮಾಡಿ ವಿಚಾರಿಸಿದೆ. ಒಂದು ಕಂತು ಕಟ್ಟಿದ್ದೇನೆ. ರಸೀದಿ ನಂಬರ್ ಶೀಟ್‌ನಲ್ಲಿದೆ.

ಸಂಜೆಗಾಳಿ · 5ನೇ ದಿನ

ಆಪರೇಷನ್ ಆಯಿತು. ಎರಡೂವರೆ ಗಂಟೆ. ಎದ್ದಿದ್ದಾಳೆ. ಈಗ ಜಾಸ್ತಿ ಬರೆಯಲಾರೆ.

ಸಂಜೆಗಾಳಿ · 9ನೇ ದಿನ

ಬೂದಿ ಮನೆಗೆ ಬಂದಳು. ಕಿಟಕಿಪಕ್ಕ ಕೊಟ್ಟ ಕೇಜ್ ಮೂಲೆಯಲ್ಲಿದೆ, ಅರ್ಧ ಭಾಗಕ್ಕೆ ಬಟ್ಟೆ ಹೊದಿಸಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಮಧ್ಯಾಹ್ನ ಓಡಿ ಬಂದು, ರಾತ್ರಿ ಮಲಗುವ ಮೊದಲು ಮೂತ್ರ ತೆಗೆಯಬೇಕು. ಕ್ಲಿನಿಕ್‌ನ ನರ್ಸ್ ನನ್ನ ಕೈ ಹಿಡಿದು ಕಲಿಸಿದರು. ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗುಂಡಗೆ ಸಿಗುತ್ತದೆ. ನಿಧಾನ ಒತ್ತಬೇಕು, ಬಿಡದೆ ಹಿಡಿದಿರಬೇಕು. ಮೊದಲ ದಿನ ಹೆದರಿ ಹೆದರಿ ಮುಕ್ಕಾಲು ಗಂಟೆ ಹಿಡಿಯಿತು.

ಇವಳು ಯಾರದಾದರೂ ಸಾಕಿದ ಬೆಕ್ಕಾ ಅಂತ ಸುತ್ತಮುತ್ತ ಚೀಟಿ ಅಂಟಿಸಿದ್ದೇನೆ. ಬೂದಿ ಬಣ್ಣ ಅಂತ ಮಾತ್ರ ಬರೆದಿದ್ದೇನೆ. ಅವಳ ಮೈಮೇಲೆ ಒಂದು ಗುರುತು ಇದೆ, ಅದನ್ನು ಯಾರಿಗೂ ಹೇಳಿಲ್ಲ. ನಿಜವಾದ ಮನೆಯವರಾದರೆ ಅವರೇ ಹೇಳುತ್ತಾರೆ. ಇಲ್ಲಿಯವರೆಗೆ ಯಾರೂ ಬಂದಿಲ್ಲ.

ದೂರದೂರು · 12ನೇ ದಿನ

ಸುದ್ದಿ ಇಲ್ಲದೆ ಮೂರು ದಿನ ಆಯಿತು. ಹೇಗಿದ್ದಾಳೆ?

ಸಂಜೆಗಾಳಿ · 12ನೇ ದಿನ

ಕ್ಷಮಿಸಿ. ಒಳ್ಳೆಯ ಸುದ್ದಿ ಬರಲಿ ಅಂತ ಕಾಯುತ್ತಿದ್ದೆ, ಅದು ತಪ್ಪು. ಮೂತ್ರದಲ್ಲಿ ಸೋಂಕಾಗಿದೆ, ಆಂಟಿಬಯೋಟಿಕ್ ಶುರುವಾಗಿದೆ. ತಾನಾಗಿ ಇನ್ನೂ ಹೋಗುತ್ತಿಲ್ಲ. ಖರ್ಚು ಶೀಟ್‌ನಲ್ಲಿ ಹಾಕಿದ್ದೇವೆ. ಹೊಲಿಗೆ ಒಣಗಿದೆ, ಚೆನ್ನಾಗಿ ತಿನ್ನುತ್ತಾಳೆ. ಬಾಲ ಹಾಗೇ ಇದೆ. ಇನ್ನು ಮೇಲೆ ಏನೂ ಇಲ್ಲದಿದ್ದರೂ ದಿನಕ್ಕೊಂದು ಸಾಲು ಬರೆಯುತ್ತೇನೆ.

ನಿಧಾನಿ · 12ನೇ ದಿನ

ಬರೆಯಿರಿ. ಕೆಟ್ಟ ಸುದ್ದಿಯೂ ಇರಲಿ. ನಾವೆಲ್ಲ ಇಲ್ಲೇ ಇದ್ದೇವೆ.

ಲೆಕ್ಕದವಳು · 17ನೇ ದಿನ

ಎರಡನೇ ಹಂತದ ಕೊನೆಯ ಕಂತೂ ಕಟ್ಟಿ ಆಯಿತು. ಮೂರನೇ ಹಂತಕ್ಕೆ ಬೇಕಾದ ಹಣದಲ್ಲಿ ಮುಕ್ಕಾಲು ಪಾಲು ಬಂದಿದೆ. ಸಂತಾನಹರಣದ ಸಾಲು ನೇರಮಾತು ಅವರದು, ಮೂಳೆ ಕೂಡಿದ ಮೇಲೆ. ಒಂದು ಕಡೆ ಲೆಕ್ಕ ತಾಳೆ ಆಗುತ್ತಿರಲಿಲ್ಲ, ಒಂದು ರಸೀದಿ ಎರಡು ಸಲ ಬರೆದಿದ್ದೆ. ತಪ್ಪು ನನ್ನದು, ಸರಿ ಮಾಡಿದ್ದೇನೆ.

ಸಂಜೆಗಾಳಿ · 19ನೇ ದಿನ, ಬೆಳಿಗ್ಗೆ 5:40

ಫೋಟೋ ನೋಡಿ. ಬೆಕ್ಕು ಕಾಣುವುದಿಲ್ಲ, ಲಿಟರ್ ಟ್ರೇ ಮಾತ್ರ. ಬಲ ಮೂಲೆಯಲ್ಲಿ ಒದ್ದೆಯಾಗಿ ಗಟ್ಟಿ ಕಟ್ಟಿದ ಒಂದು ಉಂಡೆ ಇದೆ. ರಾತ್ರಿ 11ಕ್ಕೆ ನಾನು ಟ್ರೇ ಪೂರ್ತಿ ಖಾಲಿ ಮಾಡಿ ಹೊಸ ಲಿಟರ್ ಹಾಕಿದ್ದೆ. ಈಗ ಎದ್ದು ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿದೆ. ಒತ್ತಲು ಏನೂ ಇಲ್ಲ.

ಪಶುವೈದ್ಯೆ · 19ನೇ ದಿನ, ಬೆಳಿಗ್ಗೆ

ಉಂಡೆ ಒಂದೇನಾ, ಇನ್ನೂ ಇದೆಯಾ ನೋಡಿ. ಇನ್ನೊಂದು ವಾರ ದಿನಕ್ಕೆರಡು ಸಲ ಹೊಟ್ಟೆ ಮುಟ್ಟಿ ನೋಡುವುದನ್ನು ಬಿಡಬೇಡಿ, ಪೂರ್ತಿ ಖಾಲಿಯಾಗುತ್ತಿದೆಯಾ ಅಂತ ಗೊತ್ತಾಗಬೇಕು. ಇಷ್ಟು ಡಾಕ್ಟರಾಗಿ ಹೇಳಿದೆ. ನಾನೂ ಇಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೇನೆ.

ಸಂಜೆಗಾಳಿ · 19ನೇ ದಿನ, ಬೆಳಿಗ್ಗೆ

ಎರಡು ಇದೆ! ಇನ್ನೊಂದು ಕೆಳಗೆ ಹೂತಿತ್ತು. ಮುಂಗಾಲಿನಿಂದ ಕೆರೆದು ಮುಚ್ಚಿದ್ದಾಳೆ.

ನಿಧಾನಿ · 19ನೇ ದಿನ, ಬೆಳಿಗ್ಗೆ

ಚೀಟಿ ಇಡಲು ಮರೆತಿದ್ದೀರಿ, ತಾರೀಖು ಇಲ್ಲ. ಪರವಾಗಿಲ್ಲ. ಇದನ್ನು ನಾನು ನಂಬುತ್ತೇನೆ.